ವಚನಕ್ಕೂ ಲೆಕ್ಕ ಐತೇನು? – ಒಂದು ಅಭ್ಯಾಸ



ಈ ಸಲದ ನಮ್ಮ ಗೋಡೆ ಪತ್ರಿಕೆಗೆ ಒಂದು ಅಭ್ಯಾಸ ಲೇಖನ ಬರೆಯಿರಿ ಎಂದು ಕನ್ನಡ ಗುರುಗಳು ಹೇಳಿದರು. ನಾನು ವಚನದ ಬಗ್ಗೆ ಬರೆಯುತ್ತೇನೆ ಎಂದೆ. ಯಾಕೆಂದರೆ ನಾನು ಒಂದು ತಪ್ಪು ಮಾಡಿದ್ದೇನೆ. ಆ ತಪ್ಪನ್ನು ಮೊದಲು ಹೇಳಿ ಆಮೇಲೆ ಪಾಠಕ್ಕೆ ಬರುತ್ತೇನೆ.

ನಮ್ಮ ಆಯಿ ಸಾಲಿ ಕಲಿತಿಲ್ಲ. ಸಹಿ ಮಾಡಲಿಕ್ಕೂ ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾಳೆ. ಆದರೆ ನಮ್ಮೂರ ಗುಡಿಯಲ್ಲಿ ಸೋಮವಾರದ ಭಜನಿಗೆ ಆಯಿ ಬರದಿದ್ದರೆ ಪೇಟಿ ತೆಗೆಯುವುದಿಲ್ಲ. ಬಸವಣ್ಣನವರ ಒಂದು ವಚನವನ್ನು ಆಯಿ ಹಾಡಿದರೆ ಎಲ್ಲರೂ ಹಿಂದಿನಿಂದ ಹಿಡಿಯುತ್ತಾರೆ. ಶ್ರಾವಣದ ಮೊದಲನೇ ಸೋಮವಾರ ನಾನು ಶಾಲೆಯ ಪುಸ್ತಕ ಒಯ್ದಿದ್ದೆ. ಆಯಿ ಹಾಡುವಾಗ ಪುಸ್ತಕದಲ್ಲಿ ಬೆರಳಿಟ್ಟು ನೋಡಿದೆ. ಒಂದು ಕಡೆ ಆಯಿ "ನೋಡ" ಎಂಬ ಮಾತು ಸೇರಿಸಿದಳು. ಕೊನೆಗೆ "ದೇವಾ" ಎಂಬುದನ್ನು ಬಹಳ ಹೊತ್ತು ಎಳೆದಳು. ಇನ್ನೊಂದು ಕಡೆ ಒಂದು ಪದವೇ ಬೇರೆ ಇತ್ತು. ನಾನು ಎಲ್ಲರ ಮುಂದೆ, "ಆಯಿ, ನೀ ತಪ್ಪ ಹಾಡಾಕತ್ತಿ. ಪುಸ್ತಕದಾಗ ಹಿಂಗಿಲ್ಲ" ಎಂದೆ. ಕೆಲವರು ನಕ್ಕರು.

ಆಯಿ ಏನೂ ಅನ್ನಲಿಲ್ಲ. ತಾಳ ಕೆಳಗಿಟ್ಟಳು. ಮುಂದಿನ ಸೋಮವಾರ ಗುಡಿಗೇ ಬರಲಿಲ್ಲ. "ಓದಿದವರು ಹಾಡ್ಲಿ, ನನಗೇನ ತಿಳೀತೈತಿ" ಎಂದು ಹಾಸಿಗೆ ಹಾಸಿ ಮಲಗಿದಳು.

ಇದನ್ನು ಗುರುಗಳಿಗೆ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ. "ತಪ್ಪು ಅಂತ ಹೇಳೂದಕ್ಕಿಂತ ಮೊದಲು ಎಣಿಸಿ ನೋಡಿದ್ಯೇನು?" ಎಂದು ಕೇಳಿದರು. ಹೀಗಾಗಿ ಎಣಿಸಲು ಕಲಿತೆ. ಒಂಬತ್ತನೇ ತರಗತಿಯಲ್ಲಿ ಓದುವ ನಮ್ಮ ಅಕ್ಕನ ವ್ಯಾಕರಣ ಪುಸ್ತಕ ಇಸಿದುಕೊಂಡು, ಹದಿನೈದು ದಿನ ಕೂತು ಮಾಡಿದ ಅಭ್ಯಾಸ ಇದು.

1. ಲಘು, ಗುರು ಎಂದರೇನು?

ಒಂದು ಅಕ್ಷರ ಹೇಳಲು ಬೇಕಾಗುವ ಕಾಲಕ್ಕೆ ಮಾತ್ರೆ ಎಂದು ಹೆಸರು. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘ ಅಕ್ಷರಕ್ಕೆ ಎರಡು ಮಾತ್ರೆ, ಅದು ಗುರು. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ಸೊನ್ನೆ (ಅನುಸ್ವಾರ) ಅಥವಾ ವಿಸರ್ಗ ಇದ್ದ ಅಕ್ಷರವೂ ಗುರು. ಐ, ಔ ಇದ್ದ ಅಕ್ಷರವೂ ಗುರು. ಲಘುವಿಗೆ ಸಣ್ಣ ಬಟ್ಟಲಿನಂಥ ಗುರುತು, ಗುರುವಿಗೆ ಅಡ್ಡ ಗೆರೆ ಹಾಕುತ್ತಾರೆ.

ನಮ್ಮ ಊರುಗಳ ಹೆಸರಿನಿಂದಲೇ ನೋಡೋಣ.

ವಿಜಯಪುರ – ವಿ 1, ಜ 1, ಯ 1, ಪು 1, ರ 1. ಒಟ್ಟು 5.
ತಿಕೋಟಾ – ತಿ 1, ಕೋ 2, ಟಾ 2. ಒಟ್ಟು 5.
ಬಸವಣ್ಣ – ಬ 1, ಸ 1, ವ 2 (ಮುಂದೆ ಣ್ಣ ಇದೆ), ಣ್ಣ 1. ಒಟ್ಟು 5.
ಬಬಲೇಶ್ವರ – ಬ 1, ಬ 1, ಲೇ 2, ಶ್ವ 1, ರ 1. ಒಟ್ಟು 6.

ನೋಡಿರಿ, ಐದು ಅಕ್ಷರದ ವಿಜಯಪುರವೂ ಮೂರು ಅಕ್ಷರದ ತಿಕೋಟಾವೂ ತೂಕದಲ್ಲಿ ಒಂದೇ! ಜಿಲ್ಲೆಯ ಊರು ದೊಡ್ಡದು ಎಂದು ನಾವು ತಿಳಿದಿದ್ದೇವೆ, ತಕ್ಕಡಿಯಲ್ಲಿಟ್ಟರೆ ಎರಡೂ ಸಮ. ಇದನ್ನು ಕಂಡಾಗ ನನಗೆ ಬಹಳ ಖುಷಿ ಆಯಿತು.

2. ಲೆಕ್ಕದಲ್ಲಿ ಕಟ್ಟಿದ ಪದ್ಯ

ಷಟ್ಪದಿ ಎಂಬ ಪದ್ಯಕ್ಕೆ ಆರು ಸಾಲು. 1, 2, 4, 5ನೇ ಸಾಲು ಸಮ. 3 ಮತ್ತು 6ನೇ ಸಾಲು ಅದರ ಒಂದೂವರೆ ಪಟ್ಟು, ಕೊನೆಗೆ ಒಂದು ಗುರು. ಶರ, ಕುಸುಮ, ಭೋಗ, ಭಾಮಿನಿ, ವಾರ್ಧಕ, ಪರಿವರ್ಧಿನಿ ಎಂದು ಷಟ್ಪದಿಯಲ್ಲಿ ಆರು ವಿಧ. ಕುಮಾರವ್ಯಾಸನು ಭಾರತ ಬರೆದದ್ದು ಭಾಮಿನಿಯಲ್ಲಿ. ಅದರ ನಡಿಗೆ 3-4-3-4, ಅಂದರೆ ಸಣ್ಣ ಸಾಲಿಗೆ 14 ಮಾತ್ರೆ, ದೊಡ್ಡ ಸಾಲಿಗೆ 23. ಪೂರ್ತಿ ಪದ್ಯಕ್ಕೆ 102 ಮಾತ್ರೆ. ಲಕ್ಷ್ಮೀಶನು ಜೈಮಿನಿ ಭಾರತ ಬರೆದದ್ದು ವಾರ್ಧಕದಲ್ಲಿ. ಅದರಲ್ಲಿ ಐದೈದು ಮಾತ್ರೆಯ ಗುಂಪು. ಸಣ್ಣ ಸಾಲಿಗೆ 20, ದೊಡ್ಡ ಸಾಲಿಗೆ 32, ಒಟ್ಟು 144. ಇದರ ಜೊತೆಗೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಅದಕ್ಕೆ ಆದಿಪ್ರಾಸ ಎಂದು ಹೆಸರು.

ನಾನೂ ಒಂದು ಸಾಲು ಕಟ್ಟಿದೆ. ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳ ಹೆಸರು ಅಷ್ಟೇ:

ವಿಜಯಪುರ | ತಿಕೋಟಾ | ಕೊಲ್ಹಾರ | ನಿಡಗುಂದಿ

ಎಣಿಸಿರಿ. 5, 5, 5, 5. ಒಟ್ಟು 20. ಗುರುಗಳಿಗೆ ತೋರಿಸಿ, "ಸರ್, ವಾರ್ಧಕದ ಸಾಲಾತ್ರಿ!" ಎಂದೆ. ಅವರು ನಕ್ಕು, "ಜೋರಾಗಿ ಓದು" ಎಂದರು. ಓದಿದೆ. ತಿಕೋಟಾಕ್ಕೆ ಬಂದಾಗ ನಾಲಿಗೆ ಎಡವಿತು. "ಲೆಕ್ಕ ಬರೋಬರಿ ಐತಿ. ಆದ್ರ ಗುಂಪಿನ ಮೊದಲಿಗೆ ಲಘು ಬಂದು ಬೆನ್ನಿಗೇ ಗುರು ಬರಬಾರದು. ತಿ ಸಣ್ಣದು, ಕೋ ದೊಡ್ಡದು. ಬಂಡಿ ಗಾಲಿ ಕಲ್ಲಿಗೆ ಬಡಿದಂಗ ಆಗತೈತಿ" ಎಂದರು. ಆಗ ನನಗೆ ಮೊದಲನೇ ಪಾಠ ತಿಳಿಯಿತು: ಎಣಿಕೆ ಸರಿ ಇದ್ದರೂ ಕಿವಿ ಒಪ್ಪಬೇಕು.

3. ವಚನವನ್ನು ಎಣಿಸಿದಾಗ

ಆಮೇಲೆ ಆಯಿ ಹಾಡುವ ವಚನ ಎಣಿಸಲು ಕೂತೆ. (ಆ ವಚನ ಇಲ್ಲಿ ಬರೆದಿಲ್ಲ, ನಿಮಗೆಲ್ಲ ಬಾಯಿಪಾಠ ಇದೆ.) ಮೂರು ಸಲ ಎಣಿಸಿದೆ. ಒಂದು ಸಾಲಿನಂತೆ ಇನ್ನೊಂದು ಸಾಲು ಬರಲೇ ಇಲ್ಲ. ಒಂದು ಉದ್ದ, ಒಂದು ಗಿಡ್ಡ. ಆದಿಪ್ರಾಸವೂ ಇಲ್ಲ. ನಾನು ಎಣಿಸುವುದರಲ್ಲಿ ತಪ್ಪಿದೆ ಎಂದು ತಿಳಿದು ಅಳು ಬಂದಂತಾಯಿತು.

ಗುರುಗಳು ಹೇಳಿದರು: ವಚನ ಎಂದರೇ ಮಾತು. 12ನೇ ಶತಮಾನದಲ್ಲಿ ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿ ಮತ್ತು ಬೇರೆ ಬೇರೆ ಕಾಯಕದ ಅನೇಕ ಶರಣ ಶರಣೆಯರು ಆಡುವ ಮಾತಿನಲ್ಲೇ ದೇವರ ಜೊತೆ ಮಾತಾಡಿದರು. ಅದಕ್ಕೆ ಷಟ್ಪದಿಯ ಕಟ್ಟು ಇಲ್ಲ. ಬಸವಣ್ಣನವರು ನಮ್ಮ ಜಿಲ್ಲೆಯ ಬಸವನ ಬಾಗೇವಾಡಿಯವರು ಎಂಬುದು ನಿಮಗೆ ಗೊತ್ತೇ ಇದೆ.

ಹಾಗಾದರೆ ವಚನ ಬರೀ ಮಾತೇ? ಬರೀ ಮಾತಾಗಿದ್ದರೆ ಎಂಟುನೂರು ವರ್ಷಕ್ಕೂ ಮೇಲೆ ಆಯಿಯ ಬಾಯಲ್ಲಿ ಹೇಗೆ ಉಳಿಯಿತು? ನಿನ್ನೆ ಆಡಿದ ಮಾತು ಇವತ್ತು ನೆನಪಿರುವುದಿಲ್ಲ.

4. ಮಾತಿನಲ್ಲೂ ತೂಕ

ಇದರ ಉತ್ತರ ನಮ್ಮ ಮನೆಯ ಪಡಸಾಲಿಯಲ್ಲೇ ಸಿಕ್ಕಿತು. ಒಂದು ಸಂಜೆ ಆಯಿ ಜೋಳ ಹಸನು ಮಾಡುತ್ತ ಮುತ್ಯಾನ ಮುಂದೆ ಹೇಳುತ್ತಿದ್ದಳು:

"ಬಿತ್ತಾಗ ಮಳಿ ಇಲ್ಲ, ಬೆಳದಾಗ ಕೂಲಿ ಇಲ್ಲ, ಒಯ್ದಾಗ ರೇಟ ಇಲ್ಲ."

ಇದು ಹಾಡಲ್ಲ, ವಚನವೂ ಅಲ್ಲ. ಬೇಸರದ ಮಾತು. ಆದರೂ ನಾನು ಪಾಟಿಯ ಮೇಲೆ ಬರೆದು ಎಣಿಸಿದೆ.

ಬಿತ್ತಾಗ 5, ಮಳಿ 2, ಇಲ್ಲ 3. ಒಟ್ಟು 10.
ಬೆಳದಾಗ 5, ಕೂಲಿ 3, ಇಲ್ಲ 3. ಒಟ್ಟು 11.
ಒಯ್ದಾಗ 5, ರೇಟ 3, ಇಲ್ಲ 3. ಒಟ್ಟು 11.

ಮೂರೂ ಮಾತು ಐದರಿಂದ ಎದ್ದು ಮೂರಕ್ಕೆ ಕೂಡುತ್ತವೆ. ಮೊದಲನೆಯದರಲ್ಲಿ ಮಾತ್ರ ಒಂದು ಮಾತ್ರೆ ಕಡಿಮೆ. ಆಯಿಗೆ, "ಇನ್ನೊಮ್ಮೆ ಅನ್ನ ಆಯಿ" ಎಂದೆ. ಆಯಿ ಅಂದಳು. ಕಿವಿಗೊಟ್ಟು ಕೇಳಿದೆ. ಆಯಿ ಮಳಿ ಎನ್ನುವುದಿಲ್ಲ, "ಮಳೀ" ಎಂದು ಎಳೆಯುತ್ತಾಳೆ! ಆಗ ಅದೂ 11 ಆಗುತ್ತದೆ. ಲಘು ಗುರು ಎಂಬ ಹೆಸರು ಕೇಳದ ಆಯಿ ಕಡಿಮೆ ಬಿದ್ದ ಒಂದು ಮಾತ್ರೆಯನ್ನು ತಾನೇ ತುಂಬಿದ್ದಳು.

ಇದೇ ಗುಣಗಳು ವಚನದಲ್ಲಿಯೂ ಇವೆ ಎಂದು ತಿರುಗಿ ನೋಡಿದಾಗ ಕಂಡಿತು. ನಾನು ಗುರುತಿಸಿದ್ದು ನಾಲ್ಕು:

(ಅ) ಒಂದೇ ಅಚ್ಚಿನ ವಾಕ್ಯ ಎರಡು ಮೂರು ಸಲ ಬರುತ್ತದೆ. ಮಾತು ಬೇರೆ, ಅಚ್ಚು ಒಂದೇ. ಹೀಗಾಗಿ ಒಂದು ನೆನಪಾದರೆ ಮುಂದಿನದು ತಾನೇ ಬರುತ್ತದೆ.

(ಆ) ಸಾಲಿನ ಕೊನೆಗೆ ಒಂದೇ ಪದ ಅಥವಾ ಒಂದೇ ದನಿ ಮತ್ತೆ ಮತ್ತೆ ಬರುತ್ತದೆ. ಆಯಿಯ ಮಾತಿನಲ್ಲಿ "ಇಲ್ಲ" ಬಂದ ಹಾಗೆ. ಇದು ಅಂತ್ಯಪ್ರಾಸ. ಬಿತ್ತಾಗ, ಬೆಳದಾಗ ಎಂಬಲ್ಲಿ ಮೊದಲ ಅಕ್ಷರ ಕೂಡಿದಂತೆ ವಚನದಲ್ಲಿಯೂ ಅಕ್ಷರ ಅಕ್ಷರಕ್ಕೆ ಕೂಡುತ್ತದೆ.

(ಇ) ಸಣ್ಣದರಿಂದ ದೊಡ್ಡದಕ್ಕೆ, ಹೊರಗಿನಿಂದ ಒಳಗೆ ಮಾತು ಏರುತ್ತದೆ. ಹೊಲ, ಮನೆ, ಮರ ಎಂದು ಹೇಳುತ್ತ ಹೋಗಿ ಕೊನೆಗೆ ತಟ್ಟನೆ ನಮ್ಮ ಮನಸ್ಸಿಗೇ ತಿರುಗುತ್ತದೆ. ಆ ತಿರುವಿನಲ್ಲಿ ದನಿಯೂ ಬದಲಾಗುತ್ತದೆ.

(ಈ) ಕೊನೆಗೆ ಅಂಕಿತ ಬರುತ್ತದೆ. ಅಂದರೆ ಬರೆದವರು ದೇವರನ್ನು ಕರೆಯುವ ಹೆಸರು.

5. ಅಂಕಿತದ ಗುಟ್ಟು

ಈ ಭಾಗ ಓದುವಾಗ ಕೈಯಿಂದ ತಾಳ ಹಾಕುತ್ತ ಓದಿರಿ.

ಬಸವಣ್ಣನವರ ಅಂಕಿತ: ಕೂಡಲ | ಸಂಗಮ | ದೇವಾ. ಕೂ 2, ಡ 1, ಲ 1, ನಾಲ್ಕಾಯಿತು. ಸಂ 2, ಗ 1, ಮ 1, ನಾಲ್ಕಾಯಿತು. ದೇ 2, ವಾ 2, ನಾಲ್ಕಾಯಿತು. 4-4-4!

ಅಲ್ಲಮಪ್ರಭುವಿನ ಅಂಕಿತ: ಗುಹೇ | ಶ್ವರಾ. ಗು 1, ಹೇ 2. ಶ್ವ 1, ರಾ 2. 3-3!

ಅಕ್ಕಮಹಾದೇವಿಯ ಅಂಕಿತ: ಚೆನ್ನ | ಮಲ್ಲಿ | ಕಾರ್ಜು | ನಾ. ಚೆನ್ನ 3, ಮಲ್ಲಿ 3, ಕಾರ್ಜು 3, ನಾ 2. ಇಲ್ಲಿ ಒಂದು ಕಡಿಮೆ ಬಿತ್ತಲ್ಲ? ಇಲ್ಲ. ವ್ಯಾಕರಣದಲ್ಲಿ ಹ್ರಸ್ವ, ದೀರ್ಘ ಅಲ್ಲದೆ ಪ್ಲುತ ಎಂಬ ಮೂರನೆಯದು ಇದೆ. ದೂರದವರನ್ನು ಕರೆಯುವಾಗ, ಅಳುವಾಗ, ಹಾಡುವಾಗ ಸ್ವರವನ್ನು ಮೂರು ಮಾತ್ರೆ ಎಳೆಯುತ್ತೇವೆ. ಹೊಲದಲ್ಲಿದ್ದ ಅಪ್ಪನನ್ನು ಊಟಕ್ಕೆ ಕರೆಯುವಾಗ "ಅಪ್ಪಾಽ" ಅನ್ನುತ್ತೇವಲ್ಲ, ಹಾಗೆ. ಅಕ್ಕ ದೇವರನ್ನು ಕರೆಯುತ್ತಾಳೆ. ಆ ಕೊನೆಯ ನಾ ಪ್ಲುತವಾದರೆ 3-3-3-3 ಪೂರ್ತಿಯಾಗುತ್ತದೆ.

ಶರಣರು ಹೀಗೆ ಬೆರಳೆಣಿಸಿ ಅಂಕಿತ ಇಟ್ಟರು ಎಂದು ನಾನು ಹೇಳುವುದಿಲ್ಲ. ಅವು ದೇವರ ಹೆಸರುಗಳು. ಕೂಡಲಸಂಗಮ ಎಂದರೆ ಕೃಷ್ಣಾ ಮಲಪ್ರಭಾ ಕೂಡುವ ಊರು. ಮೊದಲು ನಮ್ಮ ಜಿಲ್ಲೆಯಲ್ಲಿತ್ತು, 1997ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆದರೆ ಹೆಸರಿನಲ್ಲೇ ತಾಳ ಇದ್ದುದರಿಂದ ಹಾಡುವವರಿಗೆ ಅನುಕೂಲವಾಯಿತು ಎಂದು ನನಗನಿಸುತ್ತದೆ.

ನಮ್ಮ ಗುಡಿಯಲ್ಲಿ ತಬಲಾ ಬಾರಿಸುವ ಮುತ್ಯಾನನ್ನು ಕೇಳಿದೆ. ಭಜನಿಗೆ ಹೆಚ್ಚಾಗಿ ಬಾರಿಸುವುದು ಎಂಟು ಎಣಿಕೆಯ ಠೇಕಾ, 4 ಮತ್ತು 4. ಒಂದು ಮಾತ್ರೆಗೆ ಒಂದು ಎಣಿಕೆ ಹಿಡಿದರೆ ಕೂಡಲಸಂಗಮದೇವಾ ಎಂಬುದಕ್ಕೆ 12 ಎಣಿಕೆ. ಎಂಟರ ಎರಡು ಸುತ್ತು ಮುಗಿಯಲು 16 ಬೇಕು. ಉಳಿದ 4 ಎಲ್ಲಿಂದ ಬರಬೇಕು? ಆಯಿ ಆ "ವಾ" ಅಕ್ಷರವನ್ನು ನಾಲ್ಕು ಎಣಿಕೆ ಎಳೆಯುತ್ತಾಳೆ! ಅಲ್ಲಿಗೆ ಸರಿಯಾಗಿ ತಬಲಾದ ಮೊದಲ ಪೆಟ್ಟು ಬೀಳುತ್ತದೆ. ನಾನು "ಬಹಳ ಎಳೀತಿ" ಎಂದು ತಪ್ಪು ಹಿಡಿದಿದ್ದೆನಲ್ಲ, ಅದೇ ಜಾಗ. ಇನ್ನು "ನೋಡ" ಸೇರಿಸುವ ಸಾಲನ್ನು ಎಣಿಸಿದೆ. ಪುಸ್ತಕದಂತೆ 13. ನೋಡ ಎಂಬುದಕ್ಕೆ 3. ಕೂಡಿದರೆ 16!

ಛಂದಸ್ಸಿನ ಮಾತ್ರೆ ಬೇರೆ, ತಾಳದ ಮಾತ್ರೆ ಬೇರೆ, ಎರಡನ್ನೂ ಒಂದೇ ಎಂದು ತಿಳಿಯಬೇಡ ಎಂದು ಗುರುಗಳು ಎಚ್ಚರ ಹೇಳಿದ್ದಾರೆ. ಒಂದು ಅಕ್ಷರದ ತೂಕ, ಇನ್ನೊಂದು ಕಾಲದ ಎಣಿಕೆ. ಹಾಡುವವರು ಇವೆರಡನ್ನೂ ಹೊಂದಿಸುತ್ತಾರೆ. ಮಲ್ಲಿಕಾರ್ಜುನ ಮನ್ಸೂರರು ಹಿಂದುಸ್ತಾನಿ ರಾಗಗಳಲ್ಲಿ ವಚನ ಹಾಡಿ ಹೆಸರಾದರು. ಅಷ್ಟು ದೊಡ್ಡವರೂ ಒಂದು ಅಕ್ಷರವನ್ನು ಹತ್ತು ಕಡೆ ತಿರುಗಿಸಿ ಎಳೆಯುತ್ತಾರೆ. ಅವರಿಗೆ ಯಾರೂ ತಪ್ಪು ಎನ್ನುವುದಿಲ್ಲ.

6. ವಿಜಯಪುರದಲ್ಲಿ ಕೇಳಿದ್ದು

ನಮ್ಮ ಶಾಲೆಯ ಪ್ರವಾಸದಲ್ಲಿ ಗೋಲಗುಮ್ಮಟ ನೋಡಿದ್ದು ನೆನಪಿರಬೇಕು. ಮೇಲಿನ ಗ್ಯಾಲರಿಯಲ್ಲಿ ನೀವೆಲ್ಲ ಸಿಳ್ಳೆ ಹಾಕುವಾಗ ನಾನು ಗೋಡೆಗೆ ಬಾಯಿಟ್ಟು "ಕೂಡಲಸಂಗಮದೇವಾ" ಎಂದೆ. ಸಣ್ಣ ಅಕ್ಷರಗಳು ಒಂದರೊಳಗೊಂದು ಕಲೆತುಹೋದವು. "ವಾ" ಮಾತ್ರ ಸುತ್ತಿ ಸುತ್ತಿ ಬಂತು. ವ್ಯಂಜನ ತಟ್ಟನೆ ಮುಗಿಯುತ್ತದೆ, ದೀರ್ಘ ಸ್ವರ ನಿಲ್ಲುತ್ತದೆ. ದೇವರನ್ನು ಕರೆಯುವ ಪದದ ಕೊನೆಗೆ ದೀರ್ಘ ಯಾಕೆ ಇರುತ್ತದೆ ಎಂದು ಅವತ್ತು ಅರ್ಥವಾಗಿರಲಿಲ್ಲ, ಈಗ ಆಗಿದೆ.

ಅದೇ ಊರಲ್ಲಿ ಇಬ್ರಾಹಿಂ ರೋಜಾ ಇದೆಯಲ್ಲ, ಅಲ್ಲಿ ಸಮಾಧಿಯಾದ ಎರಡನೇ ಇಬ್ರಾಹಿಂ ಆದಿಲಶಾಹನು (ಆಳಿದ್ದು 1580ರಿಂದ 1627) ತಾನೇ ಹಾಡು ಕಟ್ಟುತ್ತಿದ್ದ. ದಖನಿ ಭಾಷೆಯ ಅವನ "ಕಿತಾಬ್-ಎ-ನೌರಸ್" ಪುಸ್ತಕದ ಹಾಡುಗಳನ್ನು ರಾಗಗಳ ಹೆಸರಿನ ಕೆಳಗೆ ಜೋಡಿಸಿದ್ದಾರೆ. ಅದರಲ್ಲಿ ಸರಸ್ವತಿ, ಗಣಪತಿ, ಕಲಬುರ್ಗಿಯ ಬಂದೇನವಾಜರ ಸ್ತುತಿ ಇದೆ. ಸುಲ್ತಾನನಿಗೂ ಭಕ್ತಿಯ ಹಾಡಿಗೆ ರಾಗ ಬೇಕಾಯಿತು.

7. ಪುಸ್ತಕ ದೊಡ್ಡದೋ, ಬಾಯಿ ದೊಡ್ಡದೋ?

ಪುಸ್ತಕದಲ್ಲಿ ಇರುವಂತೆಯೇ ಸರಿ ಎಂದು ನಾನು ವಾದ ಮಾಡಿದ್ದೆ. ಆದರೆ ಆ ಪುಸ್ತಕ ಎಲ್ಲಿಂದ ಬಂತು? ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ಮನೆ, ಮಠಗಳಲ್ಲಿದ್ದ ತಾಳೆಗರಿಯ ಕಟ್ಟುಗಳನ್ನು ಕೂಡಿಸಿದರು. 1923ರಲ್ಲಿ "ವಚನಶಾಸ್ತ್ರಸಾರ" ಹೊರಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿದರು, ಅದಕ್ಕಾಗಿ ಮನೆಯನ್ನೇ ಮಾರಿದರು. 1926ರಲ್ಲಿ "ಶಿವಾನುಭವ" ಪತ್ರಿಕೆ ತೆಗೆದರು. ಅವರು ಹೀಗೆ ದುಡಿಯದಿದ್ದರೆ ಎಷ್ಟೋ ವಚನಗಳು ಹುಳ ತಿಂದು ಹೋಗುತ್ತಿದ್ದವು. ಜುಲೈ 2ರಂದು ನಾವು ಅವರ ಜಯಂತಿ ಮಾಡುವುದು ಇದಕ್ಕೇ.

ತಾಳೆಗರಿಯಲ್ಲಿ ನಮ್ಮ ಪುಸ್ತಕದ ಹಾಗೆ ಸಾಲು ಮುರಿದು ಬರೆಯುತ್ತಿರಲಿಲ್ಲ, ಜಾಗ ಬಿಡದೆ ಒಂದೇ ಸಮ ಬರೆದುಕೊಂಡು ಹೋಗುತ್ತಿದ್ದರು. ಎಲ್ಲಿ ಸಾಲು ನಿಲ್ಲುತ್ತದೆ ಎಂಬುದನ್ನು ಮುಂದೆ ಅಚ್ಚು ಹಾಕಿದವರು ಅರ್ಥ ನೋಡಿ, ದನಿ ಕೇಳಿ ಗೊತ್ತು ಮಾಡಿದರು. ಒಂದು ಕಟ್ಟಿನಲ್ಲಿ ಒಂದು ಪದ, ಇನ್ನೊಂದರಲ್ಲಿ ಬೇರೆ ಪದ ಇರುವುದೂ ಉಂಟು. ಅದಕ್ಕೆ ಪಾಠಾಂತರ ಎನ್ನುತ್ತಾರೆ.

ಹೀಗಾಗಿ ಆಯಿಯ ಆ ಒಂದು ಬೇರೆ ಪದದ ಬಗ್ಗೆಯೂ ಕೇಳಿದೆ. ಆಯಿ ಅದನ್ನು ತನ್ನ ತಾಯಿಯಿಂದ ಕಲಿತದ್ದಂತೆ. ಗುರುಗಳು, "ಅದು ಪಾಠಾಂತರ ಇರಬಹುದು, ಕೇಳುವಾಗ ತಪ್ಪಿದ್ದೂ ಇರಬಹುದು. ಅಳಿಸಬ್ಯಾಡ, ಎರಡನ್ನೂ ಬರಕೋ" ಎಂದರು. ಬರೆದುಕೊಂಡಿದ್ದೇನೆ.

8. ಕೊನೆಗೆ

ಈ ಲೇಖನವನ್ನು ಡ್ರಾಯಿಂಗ್ ಹಾಳೆಗೆ ಇಳಿಸುವ ಮೊದಲು ಆಯಿಗೆ ಓದಿ ಹೇಳಿದೆ. 4-4-4 ಎಂದು ನೆಲದ ಮೇಲೆ ಬೆರಳಿಂದ ಬಡಿದು ತೋರಿಸಿದೆ. "ಆಯಿ, ನಿಂದು ತಪ್ಪಿರಲಿಲ್ಲ. ನಂದು ತಪ್ಪು" ಎಂದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ನಿನ್ನ ಲೆಕ್ಕ ನನಗ ತಿಳಿಯಾಂಗಿಲ್ಲ ಯವ್ವಾ. ಅಂವನ್ನ ಕರಿಯೂದು ಮುಗಿಯೂತನಕಾ ಎಳೀತೀನಿ, ಅಷ್ಟ. ಆದ್ರ ಮಂದಿ ಮುಂದ ತಪ್ಪ ಅಂದಿ. ಸರಿ ಅನ್ನೂದನೂ ಮಂದಿ ಮುಂದ ಅನ್ನು."

ಅದಕ್ಕೇ ಇದನ್ನು ಎಲ್ಲರೂ ಓದುವ ಗೋಡೆಗೆ ಹಚ್ಚಿದ್ದೇನೆ. ಹೋದ ಸೋಮವಾರ ಗುಡಿಯಲ್ಲಿಯೂ ಎದ್ದು ನಿಂತು ಹೇಳಿದೆ. ಕಾಲು ನಡುಗುತ್ತಿದ್ದವು. ಆಯಿ ಹಾಡಿದಳು, ನಾನು ಪಕ್ಕದಲ್ಲಿ ಕೂತು ತಾಳ ಹಾಕಿದೆ. ಆ ಒಂದು ಪದ ಬಂದಾಗ ಆಯಿ ತನ್ನ ಪದ ಹಾಡಿದಳು, ನನ್ನ ಬಾಯಿಂದ ಪುಸ್ತಕದ ಪದ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ತಾಳ ತಪ್ಪಲಿಲ್ಲ.

ನೀವೂ ಮಾಡಿ ನೋಡಿರಿ:
(1) ನಿಮ್ಮ ಹೆಸರಿಗೂ ನಿಮ್ಮ ಊರಿನ ಹೆಸರಿಗೂ ಮಾತ್ರೆ ಎಣಿಸಿ ಹೋಲಿಸಿರಿ.
(2) ಇಂಡಿ, ಸಿಂದಗಿ, ಚಡಚಣ, ಆಲಮೇಲ, ಇವುಗಳಲ್ಲಿ ಸಮ ತೂಕದ ಎರಡು ಊರು ಯಾವುವು?
(3) ನಿಮ್ಮ ಮನೆಯ ಆಯಿ, ಮುತ್ಯಾ ಹಾಡುವ ಒಂದು ಪದವನ್ನು ಅವರು ಹಾಡಿದ ಹಾಗೆಯೇ ಬರೆದುಕೊಳ್ಳಿರಿ. ತಿದ್ದಬೇಡಿರಿ.

ಲೆಕ್ಕದಲ್ಲಿ ತಪ್ಪು ಕಂಡರೆ ನನಗೆ ಹೇಳಿರಿ, ತಿದ್ದಿಕೊಳ್ಳುತ್ತೇನೆ. ಎಲ್ಲರ ಮುಂದೆ ಹೇಳಿದರೂ ನಡೆಯುತ್ತದೆ.

– ಏಳನೇ ತರಗತಿಯ ವಿದ್ಯಾರ್ಥಿನಿ